ಸ್ಪೋರ್ಟ್ಸ್ ಕಾರು ತಗ್ಗಿಸುವುದಾದರೆ ಮೊದಲು ಶಾಕ್ ಅಬ್ಸಾರ್ಬರ್ ಆರಿಸಿ

ಸ್ಪ್ರಿಂಗಿನ ಕುಣಿತ ನಿಲ್ಲಿಸುವ ಶಾಕ್ ಅಬ್ಸಾರ್ಬರ್ ಹಳೆಯದೊಂದನ್ನು ಬಿಚ್ಚಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ರಾಡನ್ನು ಅಂಗೈಯಿಂದ ಒತ್ತಿ ನೋಡಿ. ನನ್ನ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿನ ಹಿಂಬದಿಯ ಶಾಕ್ ಹೀಗೆ ಒತ್ತಿದಾಗ ಸೈಕಲ್ ಪಂಪಿನ ಹಾಗೆ ಸುಯ್ಯೆಂದು ಒಳಗೆ ಹೋಯಿತು. ಅರ್ಧ ದಾರಿಯಲ್ಲಿ ಒಂದು ಬೆರಳಗಲದಷ್ಟು ಜಾಗದಲ್ಲಿ ತಡೆಯೇ ಇರಲಿಲ್ಲ. ಕೈ ಬಿಟ್ಟರೆ ಮೇಲಕ್ಕೂ ಬರಲಿಲ್ಲ. ರಾಡಿನ ಬುಡದಲ್ಲಿ ಜಿನುಗಿದ ಎಣ್ಣೆ, ಅದಕ್ಕೆ ಮೆತ್ತಿಕೊಂಡ ಕಪ್ಪು ಧೂಳು. ಇಂಥ ಶಾಕ್ ಮೇಲೆ ಕಾರಿನ ಎತ್ತರವನ್ನು 30 ಮಿ.ಮೀ. ತಗ್ಗಿಸುವ ಹೊಸ ಸ್ಪ್ರಿಂಗ್ ಹಾಕಿಸಿ ನಾನು ಆರು ತಿಂಗಳು ಓಡಿಸಿದ್ದೆ.

ನೋಡೋಕೆ ಕಾರು ತುಂಬಾ ಚೆನ್ನಾಗಿತ್ತು. ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಇದ್ದ ದೊಡ್ಡ ಸಂದು ಹೋಗಿತ್ತು. ಆದರೆ ಹೈವೇ ಸೇತುವೆಯ ಜಾಯಿಂಟ್ ದಾಟಿದರೆ ಒಂದು ಸಲ ಕುಣಿದು ನಿಲ್ಲುವ ಬದಲು ಮೂರು ಸಲ ಕುಣಿಯುತ್ತಿತ್ತು. ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಹಿಂಬದಿ ಪಕ್ಕಕ್ಕೆ ಜಿಗಿಯುತ್ತಿತ್ತು. ಸ್ಪ್ರಿಂಗ್ ಹಾಕಿಕೊಟ್ಟ ವರ್ಕ್‌ಶಾಪಿನವರನ್ನು ಕೇಳಿದರೆ ಸ್ಪೋರ್ಟ್ಸ್ ಸ್ಪ್ರಿಂಗ್ ಅಂದಮೇಲೆ ಹೀಗೇ ಇರುತ್ತದೆ ಎಂದರು. ಹಾಗೇನೂ ಇರಬೇಕಾಗಿಲ್ಲ. ಕಾರನ್ನು ತಗ್ಗಿಸಿಯೂ ರಸ್ತೆಗೆ ಅಂಟಿಕೊಂಡು, ಬೆನ್ನು ನೋಯದ ಹಾಗೆ ಓಡಿಸಬಹುದು. ಆರಿಸುವ ಕ್ರಮ ಮಾತ್ರ ತಲೆಕೆಳಗಾಗಬಾರದು. ಮೊದಲು ಶಾಕ್, ಆಮೇಲೆ ಎತ್ತರ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಉದಾಹರಣೆಗೆ ಎಂಎಕ್ಸ್-5ರ ಮೊದಲ ಎರಡು ತಲೆಮಾರುಗಳನ್ನೇ ಇಟ್ಟುಕೊಳ್ಳುತ್ತೇನೆ. 1989ರಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲನೆಯದು, 2005ರವರೆಗೆ ತಯಾರಾದ ಎರಡನೆಯದು. ತೂಕ ಹೆಚ್ಚುಕಡಿಮೆ ಒಂದು ಟನ್. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಕಾರು ಹಳೆಯದಾದರೂ ಇದಕ್ಕೆ ಸಿಗುವಷ್ಟು ಬಗೆಯ ಶಾಕ್ ಮತ್ತು ಸ್ಪ್ರಿಂಗ್ ಬೇರೆ ಕಾರಿಗೆ ಸಿಗುವುದು ಕಷ್ಟ. ಆರಿಸುವುದು ಕಷ್ಟವಾಗುವುದೂ ಅದಕ್ಕೇ.

ತಗ್ಗಿಸಿದರೆ ಸಿಗುವುದೇನು, ಹೋಗುವುದೇನು

ಸಿಗುವುದು ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಗುರುತ್ವ ಕೇಂದ್ರದ ಎತ್ತರಕ್ಕೆ ತಕ್ಕ ಹಾಗೆ. ಆ ಕೇಂದ್ರ ನೆಲದಿಂದ 45 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. 25 ಮಿ.ಮೀ. ತಗ್ಗಿಸಿದರೆ ಆ ಭಾರದ ವರ್ಗಾವಣೆ ಶೇ. 5ರಿಂದ 6ರಷ್ಟು ಕಡಿಮೆಯಾಗುತ್ತದೆ. ಲಾಭ ಹೌದು, ಆದರೆ ಒಳ್ಳೆಯ ಟೈರಿನಿಂದ ಸಿಗುವ ಲಾಭದ ಮುಂದೆ ಸಣ್ಣದು.

ಹೋಗುವುದು ಮಾತ್ರ ದೊಡ್ಡದು. ಉಬ್ಬು ಬಂದಾಗ ಚಕ್ರ ಮೇಲಕ್ಕೆ ಏರಲು ಒಂದಿಷ್ಟು ಜಾಗ ಬೇಕು. ಆ ಜಾಗ ಮುಗಿದಾಗ ಬಂಪ್ ಸ್ಟಾಪ್ ಅನ್ನುವ ರಬ್ಬರ್ ತುಂಡು ತಡೆಯುತ್ತದೆ. ಅದೂ ಮುಗಿದರೆ ಧಡ್ ಎಂದು ಲೋಹಕ್ಕೆ ಲೋಹ ಬಡಿದಂತೆ. ನಿಮ್ಮ ಕಾರಿನಲ್ಲಿ ಮೇಲಕ್ಕೆ 60 ಮಿ.ಮೀ. ಜಾಗ ಇತ್ತು, 30 ತಗ್ಗಿಸಿದಿರಿ ಅಂತಿಟ್ಟುಕೊಳ್ಳಿ. ಜಾಗ ಅರ್ಧವಾಯಿತು. ಅದೇ ಉಬ್ಬಿನ ಹೊಡೆತವನ್ನು ಅರ್ಧ ಜಾಗದಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಸಾಲದು, ನಾಲ್ಕು ಪಟ್ಟು ಆಗಬೇಕು. ಸ್ಪ್ರಿಂಗ್ ಹೀರುವ ಶಕ್ತಿ ಅದು ಕುಗ್ಗಿದ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದಕ್ಕೇ ಈ ನಾಲ್ಕು. ಆದರೆ ಅಂಗಡಿಯಲ್ಲಿ ಸಿಗುವ ತಗ್ಗಿಸುವ ಸ್ಪ್ರಿಂಗ್‌ಗಳು ಕಂಪನಿಯ ಸ್ಪ್ರಿಂಗಿಗಿಂತ ಸ್ವಲ್ಪವೇ ಗಟ್ಟಿ. ನಾಲ್ಕು ಪಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಕೆಲಸವೆಲ್ಲ ಬಂಪ್ ಸ್ಟಾಪಿನ ತಲೆ ಮೇಲೆ ಬೀಳುತ್ತದೆ.

ಎಂಎಕ್ಸ್-5ರಲ್ಲಿ ಈ ಜಾಗ ಮೊದಲೇ ಕಡಿಮೆ. ಕಂಪನಿಯಿಂದ ಬಂದ ಎತ್ತರದಲ್ಲೇ ಅದು ಬಂಪ್ ಸ್ಟಾಪನ್ನು ಆಗಾಗ ಮುಟ್ಟುತ್ತದೆ. ಹಾಗಾಗಿ ರಸ್ತೆಯಲ್ಲಿ ಓಡಿಸುವ ಕಾರಿಗೆ 20ರಿಂದ 25 ಮಿ.ಮೀ. ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಮುಂದಿನ ಪ್ರತಿ 10 ಮಿ.ಮೀ.ಗೂ ತೆರಬೇಕಾದ ಬೆಲೆ ಏರುತ್ತಲೇ ಹೋಗುತ್ತದೆ. ದುಡ್ಡಿನಲ್ಲೂ, ಆರಾಮದಲ್ಲೂ.

ಅಳೆಯುವಾಗ ನೆಲದಿಂದ ಮಡ್‌ಗಾರ್ಡಿಗೆ ಅಳೆಯಬೇಡಿ. ಟೈರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ನನ್ನ ಕಾರಿನ ಮುಂಬದಿಯಲ್ಲಿ ಮೊದಲು 355 ಮಿ.ಮೀ. ಇತ್ತು, ಈಗ 330.

ಸ್ಪ್ರಿಂಗ್ ಮಾತ್ರವೋ, ಜೋಡಿಯೋ, ಕಾಯಿಲೋವರೋ

ಸ್ಪ್ರಿಂಗ್ ಮಾತ್ರ ಬದಲಿಸುವುದು ಎಲ್ಲಕ್ಕಿಂತ ಅಗ್ಗ. ಶಾಕ್ ಹೊಸದಾಗಿದ್ದು, ತಗ್ಗಿಸುವುದು 20 ಮಿ.ಮೀ. ಒಳಗಿದ್ದರೆ ನಡೆಯುತ್ತದೆ. ಶಾಕ್ 80,000 ಕಿ.ಮೀ. ಓಡಿದ್ದರೆ ಬೇಡ. ಅದು ಮೊದಲೇ ಸೋತಿರುತ್ತದೆ. ಅದರ ಮೇಲೆ ಇನ್ನೂ ಗಟ್ಟಿ ಸ್ಪ್ರಿಂಗ್ ಹೇರಿದರೆ ಸ್ಪ್ರಿಂಗ್ ಗೆಲ್ಲುತ್ತದೆ, ಕಾರು ಕುಣಿಯುತ್ತದೆ. ಸ್ಪ್ರಿಂಗಿನ ಬಿಗಿ ಎರಡು ಪಟ್ಟಾದರೆ ಶಾಕಿನ ಹಿಡಿತ ಸುಮಾರು 1.4 ಪಟ್ಟು ಆಗಬೇಕು, ಆಗಲೇ ಕಾರು ಮೊದಲಿನ ಹಾಗೆ ಒಂದೇ ಕುಣಿತಕ್ಕೆ ನಿಲ್ಲುವುದು. ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಕುಣಿತ ನಿಲ್ಲಿಸುತ್ತದೆ. ಒಂದರ ಕೆಲಸ ಇನ್ನೊಂದು ಮಾಡಲಾರದು.

ಶಾಕ್‌ನ ಉದ್ದದ ವಿಷಯವೂ ಇದೆ. ಕಂಪನಿಯ ಎತ್ತರಕ್ಕೆ ಮಾಡಿದ ಶಾಕಿಗೆ ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ಜ್ಯಾಕ್ ಮೇಲೆ ಎತ್ತಿ. ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಗರಗರ ತಿರುಗಿದರೆ ಅದು ತನ್ನ ಕೂರುವ ತಟ್ಟೆಯಲ್ಲಿ ಸಡಿಲವಾಗಿದೆ ಎಂದರ್ಥ. ದಿಬ್ಬದ ಮೇಲೆ ಚಕ್ರ ಗಾಳಿಗೆ ಎದ್ದಾಗ ಅದು ಜಾರಿ ಓರೆಯಾಗಿ ಕೂರಬಹುದು. ಇದು ಅಪಾಯ. ತಗ್ಗಿಸಿದ ಕಾರಿಗೆ ರಾಡು ಗಿಡ್ಡವಾಗಿರುವ ಶಾಕ್ ಬೇಕು ಅನ್ನುವುದು ಇದಕ್ಕೇ.

ಹಾಗಾಗಿ ಬಹುಪಾಲು ಜನರಿಗೆ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್, ಎರಡನ್ನೂ ಜೊತೆಯಾಗಿ ಹಾಕಿಸುವುದೇ ಸರಿ. ಎತ್ತರ ಒಂದೇ, ಬದಲಿಸಲಾಗದು. ಆದರೆ ಹೊಂದಾಣಿಕೆಯನ್ನು ತಯಾರಿಸಿದವರೇ ಪರೀಕ್ಷಿಸಿರುತ್ತಾರೆ. ಶಾಕ್ ತಯಾರಿಸುವ ಬಿಲ್‌ಸ್ಟೀನ್ ಕಂಪನಿಯ ಬಿ12 ಹೀಗೆ ಬಂದದ್ದು. ಅದರಲ್ಲಿ ಅವರದೇ ಬಿ8 ಶಾಕ್ ಮತ್ತು ಐಬಾಕ್ ಕಂಪನಿಯ ಸ್ಪ್ರಿಂಗ್ ಒಂದೇ ಡಬ್ಬದಲ್ಲಿ ಬರುತ್ತವೆ.

ಕಾಯಿಲೋವರ್ ಅಂದರೆ ಶಾಕಿನ ಮೈಮೇಲೆ ಮರೆ (ತಿರುಪಿನ ಥ್ರೆಡ್) ಕೊರೆದಿದ್ದು, ಸ್ಪ್ರಿಂಗಿನ ತಟ್ಟೆಯನ್ನು ಮೇಲೆ ಕೆಳಗೆ ತಿರುಗಿಸಿ ಎತ್ತರ ಬದಲಿಸಬಹುದು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ, ನಾಲ್ಕು ಮೂಲೆಯ ತೂಕ ಹೊಂದಿಸುವವರಿಗೆ ಇದು ಬೇಕು. ಸುಮ್ನೆ ಇರಲಿ ಅಂತ ತಗೊಳ್ಳಬೇಡಿ. ಅಗ್ಗದ ಕಾಯಿಲೋವರ್ ಬದಲು ಅದೇ ದುಡ್ಡಿಗೆ ಒಳ್ಳೆಯ ಶಾಕ್ ಮತ್ತು ಸ್ಪ್ರಿಂಗ್ ಜೋಡಿ ಯಾವಾಗಲೂ ವಾಸಿ. ಅಗ್ಗದವುಗಳಲ್ಲಿ 32 ಹಂತದ ತಿರುಪು ಇರುತ್ತದೆ. ಆದರೆ ಹತ್ತು ಹಂತ ತಿರುಗಿಸಿದರೂ ಒಳಗಿನ ಹಿಡಿತ ಬದಲಾಗದ್ದನ್ನು ನಾನೇ ಗೆಳೆಯರ ಕಾರಿನಲ್ಲಿ ನೋಡಿದ್ದೇನೆ. ಹಂತಗಳನ್ನು ಎಣಿಸಿ ಶಾಕ್ ಕೊಳ್ಳಬಾರದು.

ಚಳಿಗಾಲದಲ್ಲೂ ಕಾರು ಓಡಿಸುವವರಾದರೆ ಒಂದು ಮಾತು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಆ ಮರೆಗಳಲ್ಲಿ ತುಕ್ಕು ಕೂತು ತಟ್ಟೆ ಅಲುಗಾಡುವುದೇ ಇಲ್ಲ. ಕೆಡಬ್ಲ್ಯು ಕಂಪನಿ ಸ್ಟೇನ್‌ಲೆಸ್ ಸ್ಟೀಲಿನ ಮೈಯನ್ನು ಬಳಸುವುದು ಇದೇ ಕಾರಣಕ್ಕೆ. ಅವರ ವಿ1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, ವಿ2ರಲ್ಲಿ ರೀಬೌಂಡ್ (ಶಾಕ್ ಹಿಗ್ಗುವಾಗಿನ ಹಿಡಿತ) ಕೂಡ, ವಿ3ರಲ್ಲಿ ಕಂಪ್ರೆಷನ್ (ಕುಗ್ಗುವಾಗಿನ ಹಿಡಿತ) ಕೂಡ. ರಸ್ತೆಯಲ್ಲೇ ಓಡಿಸುವವರಿಗೆ ವಿ1 ಅಥವಾ ವಿ2 ಸಾಕು. ಎರಡು ತಿರುಪು ಇದ್ದರೆ ತಪ್ಪು ಮಾಡುವ ದಾರಿಯೂ ಎರಡು ಪಟ್ಟಿಗಿಂತ ಜಾಸ್ತಿ.

ಒಂದು ಕೊಳವೆ, ಎರಡು ಕೊಳವೆ

ಶಾಕ್ ಅಬ್ಸಾರ್ಬರ್ ಒಳಗೆ ನಡೆಯುವುದು ಸರಳ ಕೆಲಸ. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಓಡಾಡುತ್ತದೆ. ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಸುಳಬೇಕು. ಆ ತಿಣುಕಾಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಜೋರಾಗಿ ಓಡಿಸಿದ ಮೇಲೆ ಶಾಕ್ ಮುಟ್ಟಿದರೆ ಕೈ ಸುಡುತ್ತದೆ.

ಎರಡು ಕೊಳವೆಯ ಶಾಕಿನಲ್ಲಿ, ಅಂದರೆ ಟ್ವಿನ್‌ಟ್ಯೂಬ್‌ನಲ್ಲಿ, ಒಳಗೊಂದು ಹೊರಗೊಂದು ಕೊಳವೆ. ಹೊರಗಿನದರಲ್ಲಿ ಉಳಿದ ಎಣ್ಣೆ, ಅದರ ಮೇಲೆ ಕಡಿಮೆ ಒತ್ತಡದ ಗಾಳಿ. ಸವಾರಿ ಮೆತ್ತಗೆ, ಬೆಲೆ ಕಡಿಮೆ, ಹೊರಗಿನ ಕೊಳವೆಗೆ ಕಲ್ಲು ಬಡಿದು ಸಣ್ಣ ತಗ್ಗಾದರೂ ಒಳಗಿನದಕ್ಕೆ ಏನೂ ಆಗುವುದಿಲ್ಲ. ಕೊರತೆ ಅಂದರೆ ತುಂಬಾ ಹೊತ್ತು ಜೋರಾಗಿ ಓಡಿಸಿದರೆ ಎಣ್ಣೆ ಕಾದು ನೊರೆಯಾಗಬಹುದು. ನೊರೆ ಕಿಂಡಿಯಲ್ಲಿ ಸಲೀಸಾಗಿ ನುಸುಳುತ್ತದೆ. ಹಿಡಿತ ಹೋಗುತ್ತದೆ.

ಒಂದೇ ಕೊಳವೆಯದು ಮೊನೊಟ್ಯೂಬ್. ತಳದಲ್ಲಿ ತೇಲುವ ಇನ್ನೊಂದು ಪಿಸ್ಟನ್, ಅದರಾಚೆ 20 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದ ನೈಟ್ರೋಜನ್. ಆ ಒತ್ತಡದಲ್ಲಿ ಎಣ್ಣೆ ನೊರೆಯಾಗುವುದು ಕಷ್ಟ. ಒಂದೇ ಗೋಡೆಯಾದ್ದರಿಂದ ಬಿಸಿಯೂ ಬೇಗ ಹೊರಗೆ ಹೋಗುತ್ತದೆ. ಬಿಲ್‌ಸ್ಟೀನ್ ಇದನ್ನು 1957ರಲ್ಲಿ ಮರ್ಸಿಡಿಸ್-ಬೆಂಝ್ ಕಾರುಗಳಿಗೆ ಕೊಟ್ಟಿತು. ಹೊಸ ಮೊನೊಟ್ಯೂಬನ್ನು ಕೈಯಲ್ಲಿ ಒತ್ತಿ ಬಿಟ್ಟರೆ ರಾಡು ತಾನಾಗಿ ನಿಧಾನಕ್ಕೆ ಹೊರಗೆ ಬರುತ್ತದೆ. ಆ ತಳ್ಳುವಿಕೆಯಿಂದಲೇ ಕಾರು ಕೆಲವು ಮಿ.ಮೀ. ಎತ್ತರ ಕೂರುತ್ತದೆ. 'ತಗ್ಗಿಸುವ ಸ್ಪ್ರಿಂಗ್ ಹಾಕಿದರೂ ಇಳಿದಿಲ್ಲವಲ್ಲ' ಎಂದು ಗಾಬರಿಯಾಗಬೇಡಿ. ಇದರ ಕೊರತೆ, ಮೈಗೆ ಒಂದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಂಡು ಶಾಕ್ ಹಾಳಾಗುತ್ತದೆ. ಸಣ್ಣ ಸಣ್ಣ ಬಿರುಕು, ಜಲ್ಲಿಯ ರಸ್ತೆಯಲ್ಲಿ ಸ್ವಲ್ಪ ಬಿರುಸು ಅನ್ನಿಸುತ್ತದೆ.

ಟ್ರ್ಯಾಕಿಗೆ ಹೋಗದವರು ಮೊನೊಟ್ಯೂಬ್ ಬೇಕೇ ಬೇಕು ಎಂದು ಹಟ ಹಿಡಿಯುವುದು ಬೇಡ. ಕೊಳವೆ ಎಷ್ಟು ಅನ್ನುವುದಕ್ಕಿಂತ ಒಳಗಿನ ವಾಲ್ವನ್ನು ನಿಮ್ಮ ಸ್ಪ್ರಿಂಗಿಗೆ ತಕ್ಕ ಹಾಗೆ ಹೊಂದಿಸಿದ್ದಾರಾ ಅನ್ನುವುದು ಮುಖ್ಯ.

ಹೆಸರು ಹಿಡಿದು ಹೇಳುವುದಾದರೆ

ಕಂಪನಿಯ ಎತ್ತರದಲ್ಲೇ ಇಟ್ಟು ಕಾರನ್ನು ಚುರುಕು ಮಾಡಬೇಕು ಅನ್ನುವವರಿಗೆ ಬಿಲ್‌ಸ್ಟೀನ್ ಬಿ6. ತಗ್ಗಿಸುವವರಿಗೆ ಬಿ8. ಎರಡಕ್ಕೂ ಬಣ್ಣ ಹಳದಿ, ನೋಡಲು ಒಂದೇ ಥರ. ಬಿ8ರ ರಾಡು ಗಿಡ್ಡ. ಹಳೆಯ ಸಾಮಾನು ಕೊಳ್ಳುವಾಗ ಇಲ್ಲೇ ಜನ ಎಡವುವುದು. ಮೈಮೇಲಿನ ಪಾರ್ಟ್ ನಂಬರ್ ನೋಡದೆ ದುಡ್ಡು ಕೊಡಬೇಡಿ. ಬಿ4 ಅಂದರೆ ಕಂಪನಿಯ ಶಾಕಿಗೆ ಬದಲಿ ಮಾತ್ರ, ತಗ್ಗಿಸುವ ಕೆಲಸಕ್ಕಲ್ಲ. ಬಿ6, ಬಿ8 ಎರಡರಲ್ಲೂ ತಿರುಪು ಇಲ್ಲ. ಹಾಕಿ ಮರೆತುಬಿಡಬಹುದು. ತಿರುಪು ಕಂಡರೆ ಕೈ ಸುಮ್ಮನಿರದವರಿಗೆ ಇದು ವರವೇ ಸರಿ. ಮಾಜ್ದಾದವರೇ ಅಮೆರಿಕದಲ್ಲಿ 1994ರಿಂದ ಮಾರಿದ ಆರ್ ಪ್ಯಾಕೇಜಿನಲ್ಲಿ, 1999ರ ಹತ್ತನೇ ವರ್ಷದ ವಿಶೇಷ ಕಾರಿನಲ್ಲಿ ಬಿಲ್‌ಸ್ಟೀನ್ ಹಾಕಿ ಕೊಟ್ಟಿದ್ದರು.

ಹಾಲೆಂಡಿನ ಕೋನಿ ಸ್ಪೋರ್ಟ್ ನನ್ನ ಆಯ್ಕೆ. ಇದೂ ಹಳದಿಯೇ. ರೀಬೌಂಡ್ ಮಾತ್ರ ಬದಲಿಸಬಹುದು, ಅಂದರೆ ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ಹಿಗ್ಗಬೇಕು ಅನ್ನುವುದನ್ನು. ತಗ್ಗಿಸಿದ ಕಾರಿಗೆ ಬೇಕಾದ ತಿರುಪು ಇದೇ. ಸ್ಪ್ರಿಂಗ್ ಯಾವುದೇ ಇರಲಿ, ಅದನ್ನು ಹಿಡಿದು ನಿಲ್ಲಿಸುವಷ್ಟು ಬಿಗಿ ಮಾಡಿಕೊಳ್ಳಬಹುದು. ವರ್ಷಗಳು ಕಳೆದು ಶಾಕ್ ಸವೆದಾಗ ಇನ್ನೊಂದಿಷ್ಟು ಬಿಗಿ ಮಾಡಿ ಕಾಲ ತಳ್ಳಬಹುದು. ಆದರೆ ಬಿಗಿ ಅತಿಯಾಗಬಾರದು. ಸಾಲು ಉಬ್ಬುಗಳಿದ್ದ ಕಡೆ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಪ್ರತಿ ಉಬ್ಬಿಗೂ ಕಾರು ಸ್ವಲ್ಪ ಸ್ವಲ್ಪ ಕುಸಿಯುತ್ತಾ ಹೋಗಿ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತದೆ. ಆಗ ಸ್ಪ್ರಿಂಗ್ ಗಟ್ಟಿಯಾಯಿತು ಅನ್ನಿಸುತ್ತದೆ, ನಿಜಕ್ಕೂ ತಪ್ಪಿರುವುದು ತಿರುಪು. ಪೂರ್ತಿ ಸಡಿಲದಿಂದ ಶುರುಮಾಡಿ ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ. ಕುಣಿತ ಒಂದಕ್ಕೆ ನಿಂತ ಕಡೆ ನಿಲ್ಲಿಸಿ.

ಕೆವೈಬಿ ಎಕ್ಸೆಲ್-ಜಿ ಒಳ್ಳೆಯ ಟ್ವಿನ್‌ಟ್ಯೂಬ್, ಅಗ್ಗ, ಆದರೆ ಕಂಪನಿಯ ಎತ್ತರಕ್ಕೆ. ಅದನ್ನು ತಗ್ಗಿಸುವ ಸ್ಪ್ರಿಂಗಿನ ಜೊತೆ ಹಾಕಬೇಡಿ. ಜಪಾನಿನ ಟೈನ್ ಫ್ಲೆಕ್ಸ್ ಝಡ್ ಕಾಯಿಲೋವರ್. ಟ್ವಿನ್‌ಟ್ಯೂಬ್, 16 ಹಂತ. ಅದರ ಒಂದು ಗುಣ ನನಗೆ ಇಷ್ಟ. ಸ್ಪ್ರಿಂಗಿನ ತಟ್ಟೆಯನ್ನಲ್ಲ, ಶಾಕಿನ ತಳದ ತುಂಡನ್ನೇ ತಿರುಗಿಸಿ ಎತ್ತರ ಬದಲಿಸಬಹುದು. ಹಾಗಾಗಿ ಕಾರು ತಗ್ಗಿದರೂ ಶಾಕಿನ ಒಳಗಿನ ಓಡಾಟದ ಜಾಗ ಕಡಿಮೆಯಾಗುವುದಿಲ್ಲ. ಕಾಯಿಲೋವರ್ ಬೇಕೇ ಬೇಕು, ದುಡ್ಡು ಮಿತಿಯಲ್ಲಿರಬೇಕು ಅನ್ನುವವರು ಇದನ್ನು ನೋಡಬಹುದು. ಸ್ವೀಡನ್ನಿನ ಓಲಿನ್ಸ್ ರೋಡ್ ಆ್ಯಂಡ್ ಟ್ರ್ಯಾಕ್ ಬೇರೆಯೇ ಮಟ್ಟ, ಬೆಲೆಯೂ ಹಾಗೇ. ಗುಂಡಿಗೆ ಬಿದ್ದಾಗ ಒಳಗಿನ ವಾಲ್ವ್ ತಟ್ಟನೆ ತೆರೆದುಕೊಂಡು ಹೊಡೆತ ನುಂಗುತ್ತದೆ, ತಿರುವಿನಲ್ಲಿ ಮೈ ವಾಲುವಾಗ ಬಿಗಿಯಾಗಿಯೇ ಇರುತ್ತದೆ. ಹಳೆಯ ಕಾರಿನ ಬೆಲೆಯ ಅರ್ಧ ಶಾಕಿಗೇ ಹೋಗಬಹುದು. ಕಾರನ್ನು ಇನ್ನು ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ತಗೊಳ್ಳಿ, ಹೊಟ್ಟೆ ಉರಿಯುವುದಿಲ್ಲ.

ಹಾಕುವಾಗ ಯಾರೂ ಹೇಳದ ಎರಡು ಮಾತು

ಸಸ್ಪೆನ್ಷನ್ ತೋಳುಗಳ ಬುಡದಲ್ಲಿ ರಬ್ಬರ್ ಬುಷ್‌ಗಳಿವೆ. ಅವು ಬೇರಿಂಗ್ ಹಾಗೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಕಾರು ಜ್ಯಾಕ್ ಮೇಲಿದ್ದು ಚಕ್ರ ಜೋತುಬಿದ್ದಾಗ ಆ ಬೋಲ್ಟ್ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಎತ್ತರ ಸರಿಯಾಗಿ ಇಳಿಯುವುದಿಲ್ಲ, ಬುಷ್ ಬೇಗ ಹರಿಯುತ್ತದೆ. ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಮೂಲೆ ಮೂಲೆ ಒತ್ತಿ ಕುಣಿಸಿ, ಆಮೇಲೆ ಬಿಗಿ ಮಾಡಬೇಕು. ನಾನು ಇದನ್ನು ಮಾಡಿದಾಗ ಮೊದಲ ಬೋಲ್ಟ್ ಸಡಿಲಾಗುತ್ತಿದ್ದಂತೆ 'ಟಕ್' ಅಂತ ಸದ್ದು ಬಂದು ಆ ಮೂಲೆ 6 ಮಿ.ಮೀ. ಇಳಿಯಿತು. ಅಷ್ಟು ದಿನ ಎಡಬಲ ಎತ್ತರ ಯಾಕೆ ಬೇರೆ ಇತ್ತು ಅನ್ನುವುದು ಆವತ್ತು ಗೊತ್ತಾಯಿತು.

ಎರಡನೆಯದು ಕೇಬಲ್ ಟೈ. ಐದು ಪೈಸೆಯ ಖರ್ಚಿಲ್ಲದ ಪರೀಕ್ಷೆ. ಶಾಕಿನ ಹೊಳೆಯುವ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಹಿತವಾಗಿ ಕಟ್ಟಿ. ಕೆಳಗೆ ಮೈಯವರೆಗೆ ಸರಿಸಿ. ನೀವು ದಿನಾ ಓಡಾಡುವ ದಾರಿಯಲ್ಲೇ ಹೋಗಿ ಬನ್ನಿ. ಶಾಕ್ ಕುಗ್ಗಿದಷ್ಟೂ ಟೈ ಮೇಲಕ್ಕೆ ಸರಿದು ಅಲ್ಲೇ ನಿಂತಿರುತ್ತದೆ. ಬಂಪ್ ಸ್ಟಾಪ್ ಎಷ್ಟು ಹಿಂಡಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ದಿನದ ದಾರಿಯಲ್ಲೇ ಪೂರ್ತಿ ಹಿಂಡಿದ್ದರೆ ಕಾರು ತೀರಾ ಕೆಳಗಿದೆ. ಬಂಪ್ ಸ್ಟಾಪ್ ಕತ್ತರಿಸಿ ಜಾಗ ಮಾಡುತ್ತೇನೆ ಅನ್ನಬೇಡಿ. ಒಳ್ಳೆಯ ಪಾಲಿಯುರಿಥೇನ್ ನೊರೆಯ ಬಂಪ್ ಸ್ಟಾಪ್ ಹಾಕಿ, ಮೆಲ್ಲಗೆ ಹಿಡಿದು ಆಮೇಲೆ ಬಿಗಿಯಾಗುವಂಥದ್ದು. ಮೊದಲ ತಲೆಮಾರಿನ ಎಂಎಕ್ಸ್-5 ಇರುವವರು ಎರಡನೇ ತಲೆಮಾರಿನ ಕಾರಿನ ಮೇಲಿನ ಮೌಂಟ್ (ಶಾಕಿನ ತಲೆಯನ್ನು ಕಾರಿಗೆ ಕೂರಿಸುವ ತುಂಡು) ಹಾಕಿಕೊಂಡರೆ ಇನ್ನಷ್ಟು ಜಾಗ ಸಿಗುತ್ತದೆ.

ಅಲೈನ್‌ಮೆಂಟ್ ಮಾಡಿಸಲೇಬೇಕು, ಹೇಳಬೇಕಾಗಿಲ್ಲ. ಈ ಕಾರಿನಲ್ಲಿ ಮುಂದೆ ಹಿಂದೆ ಎರಡೂ ಕಡೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರುವ ಕೋನ) ಹೊಂದಿಸುವ ಬೋಲ್ಟ್ ಇದೆ. ಆದರೆ ಅವು ತುಕ್ಕಿಗೆ ಸಿಕ್ಕಿ ಕಚ್ಚಿಕೊಂಡಿರುತ್ತವೆ. ಒಂದು ವಾರ ಮೊದಲೇ ಎಣ್ಣೆ ಬಿಡುತ್ತಾ ಬನ್ನಿ.

ಕಾಗದ ಮತ್ತು ಊರಿನ ರಸ್ತೆ

ಜರ್ಮನಿಯಲ್ಲಿ ಸ್ಪ್ರಿಂಗ್, ಶಾಕ್ ಕೊಳ್ಳುವಾಗ ಅದರ ಜೊತೆ ತಾಂತ್ರಿಕ ವರದಿ ಇದೆಯಾ ಅಂತ ಮೊದಲು ಕೇಳಿ. ಹಾಕಿದ ಮೇಲೆ ಟ್ಯುಫ್ ಅಥವಾ ಡೆಕ್ರಾದಂಥ ವಾಹನ ತಪಾಸಣೆ ಸಂಸ್ಥೆಯ ಇನ್‌ಸ್ಪೆಕ್ಟರ್ ನೋಡಿ ಒಪ್ಪಬೇಕು. ಇಲ್ಲದಿದ್ದರೆ ಕಾರು ರಸ್ತೆಯಲ್ಲಿ ಓಡಿಸುವ ಅನುಮತಿಯೇ ಹೋಗಬಹುದು. ನಾನು ಮೇಲೆ ಹೇಳಿದ ಸ್ಪ್ರಿಂಗ್ ತಿರುಗಿಸುವ ಪರೀಕ್ಷೆಯನ್ನು ಅವರೂ ಮಾಡುತ್ತಾರೆ. ನಿಮ್ಮ ಚಕ್ರದ ಅಳತೆಯೂ ಆ ವರದಿಯಲ್ಲಿ ಇರಬೇಕು.

ಬೆಂಗಳೂರಿನಲ್ಲಿ ಬೇರೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಗೆಳೆಯರು ಇದೇ ಲೆಕ್ಕ ಕೇಳುತ್ತಾರೆ. ಅವರಿಗೆ ನನ್ನ ಉತ್ತರ: ಎತ್ತರ ಮುಟ್ಟಬೇಡಿ, ಶಾಕ್ ಮಾತ್ರ ಬದಲಿಸಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಹಂಪ್ 3.7 ಮೀ. ಅಗಲ, 10 ಸೆಂ.ಮೀ. ಎತ್ತರ, ಕಾರು ಏರಿ ಇಳಿಯುವಂತೆ ಬಾಗಿರುವಂಥದ್ದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದ ಹಂಪ್‌ಗಳು ಅಂಗೈಯಗಲ ಇರುತ್ತವೆ, ಎತ್ತರ ಮಾತ್ರ ಅಷ್ಟೇ ಇರುತ್ತದೆ. ಮಳೆಗಾಲದಲ್ಲಿ ಗುಂಡಿ ನೀರಿನಡಿ ಕಾಣುವುದೂ ಇಲ್ಲ. ಕಾನೂನಿನ ಮಾತೂ ಇದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸೋತ ಶಾಕ್ ತೆಗೆದು ಅದೇ ಎತ್ತರಕ್ಕೆ ಮಾಡಿದ ಬಿ6 ಥರದ್ದನ್ನು ಹಾಕಿದರೆ ಕಾರಿನ ನಡವಳಿಕೆ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಓಡಿಸಿಯೇ ನೋಡಬೇಕು.

ನನ್ನ ಕಾರಿನಲ್ಲಿ ಈಗ ಕೋನಿ ಸ್ಪೋರ್ಟ್, 25 ಮಿ.ಮೀ. ತಗ್ಗಿಸುವ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್ ಇವೆ. ಮುಂದಿನ ತಿರುಪು ಸಡಿಲದಿಂದ ಮುಕ್ಕಾಲು ಸುತ್ತು. ಹಿಂದಿನದು ಅರ್ಧ, ಅದನ್ನು ತಿರುಗಿಸಲು ಡಿಕ್ಕಿಯ ಪಕ್ಕದ ಕಾರ್ಪೆಟ್ ಸರಿಸಬೇಕು. ಅದೇ ಸೇತುವೆಯ ಜಾಯಿಂಟ್ ಮೇಲೆ ಈಗ ಒಂದು 'ಧಪ್', ಅಷ್ಟೇ. ಕಳೆದ ವಾರ ಕಪ್ಪು ಅರಣ್ಯದ (ಬ್ಲ್ಯಾಕ್ ಫಾರೆಸ್ಟ್) ಬೆಟ್ಟದ ರಸ್ತೆಗೆ ಹೋಗಿ ಬಂದು ಕೇಬಲ್ ಟೈ ನೋಡಿದೆ. ಬಂಪ್ ಸ್ಟಾಪ್ ಪೂರ್ತಿ ಹಿಂಡುವುದಕ್ಕೆ ಇನ್ನೂ 14 ಮಿ.ಮೀ. ಬಾಕಿ ಇತ್ತು.